ಯಾರ ಕಾಲದ ಗ್ಲೌಸು?

ಸೂಜಿ ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ಬೆರಳನ್ನು. ಉಗುರಿನ ಸಂದಿಯಲ್ಲೆಲ್ಲ ಬಿಳಿ ಪುಡಿ ಮೆತ್ತಿಕೊಂಡ ಆ ಬೆರಳು ಜಿಮ್ಮಿನ ಗೋಡೆಯಲ್ಲಿದ್ದ ಎರಡು ಫೋಟೋಗಳ ನಡುವೆ ಓಡಾಡುತ್ತಿತ್ತು.

"ಇವರಿಬ್ಬರೂ ಹೊಡೆದಾಡಿದ್ರೆ ಯಾರು ಗೆಲ್ತಾರೆ?"

ಹರಿದ ಗ್ಲೌಸಿಗೆ ಹೊಲಿಗೆ ಹಾಕುತ್ತಿದ್ದ ಸೂಜಿ ಆಗಲೇ ಮತ್ತೆ ತಲೆ ತಗ್ಗಿಸಿದ್ದ. "ಹೆಂಗೆ ಹೊಡೆದಾಡ್ತಾರೆ? ಒಬ್ಬರು ರಿಟೈರ್ ಆದಾಗ ಇನ್ನೊಬ್ಬನ ಅಪ್ಪ-ಅಮ್ಮನಿಗೇ ಮದುವೆ ಆಗಿರಲಿಲ್ಲ."

"ಅದಕ್ಕೇ ಕೇಳಿದ್ದು. ನಿಜವಾಗಿ ಆಡಿದ್ದಿದ್ರೆ ಪೇಪರ್ ನೋಡ್ಕೋತಿದ್ದೆ."

ಆಗ ತಲೆ ಎತ್ತಿದ. ಅವಳು ನಗುತ್ತಿರಲಿಲ್ಲ. ನಿಜವಾಗಿಯೂ ತಿಳಿಯಬೇಕು ಅನ್ನುವಂತೆ ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದಳು.

ಬಾಕ್ಸರ್‌ಗಳು ಹಲ್ಲಿಗೆ ಹಾಕಿಕೊಳ್ಳುವ ಗಾರ್ಡ್ ಮಾಡುವ ಲ್ಯಾಬಿನವಳು ಅವಳು. ಪ್ರತಿ ಶನಿವಾರ ನಾಲ್ಕು ಗಂಟೆಗೆ ಪ್ಯಾಕೆಟ್ ತರುತ್ತಿದ್ದಳು. ಜಿಮ್ಮಿನಲ್ಲಿ ಎಲ್ಲರ ಬಾಯಲ್ಲೂ ಅವಳು ಹಲ್ಲಿನ ಮೇಡಂ, ಗ್ಲೌಸು ಹೊಲಿಯುವ ಅವನು ಸೂಜಿ. ಫೋಟೋದಲ್ಲಿದ್ದವರಿಗೂ ಅಡ್ಡಹೆಸರೇ. ಐವತ್ತು ವರ್ಷ ಹಿಂದಿನವರು ಗಡಿಯಾರ. ಸೆಕೆಂಡಿನ ಮುಳ್ಳಿನ ಹಾಗೆ ಎಡಗೈ ಬೀಸುತ್ತಿದ್ದರಂತೆ. ಈಗಿನವನು ಇಂಜಿನ್, ಪಕ್ಕೆಲುಬಿನ ಕೆಳಗೇ ಹೊಡೆದು ಹೊಡೆದು ಎದುರಾಳಿಯ ಉಸಿರು ಕೀಳುವವನು.

"ಇಂಜಿನ್ನೇ," ಅಂದ ಸೂಜಿ. "ಆರನೇ ರೌಂಡಿಗೆ ಗಡಿಯಾರ ನಿಂತುಹೋಗುತ್ತೆ."

"ಹದಿನೈದು ರೌಂಡ್ ಆಡಿದವರು ರೀ ಅವರು. ಈಗೆಲ್ಲ ಹನ್ನೆರಡೇ ರೌಂಡು, ನಿಮ್ಮ ಇಂಜಿನ್‌ಗೆ ಅದರ ಮೇಲೆ ಎಣಿಸೋಕೇ ಬರಲ್ಲ."

"ಇರಲಿ. ಯಾರ ಕಾಲದ ಗ್ಲೌಸು?"

"ಅಂದ್ರೆ?"

ಅವನು ಕೈಯಲ್ಲಿದ್ದ ಗ್ಲೌಸಿನ ಹೊಟ್ಟೆ ಬಿಡಿಸಿ ತೋರಿಸಿದ. "ಇದು ಫೋಮು. ಅವರ ಕಾಲದಲ್ಲಿ ಕುದುರೆ ಕೂದಲು ತುಂಬ್ತಿದ್ರು. ಹೊಡೀತಾ ಹೊಡೀತಾ ಕೂದಲು ಪಕ್ಕಕ್ಕೆ ಸರಿದು ಗೆಣ್ಣಿನ ಮೇಲೆ ಬರೀ ಚರ್ಮ ಉಳಿಯೋದು. ಯಾವ ಗ್ಲೌಸು ಅಂತ ತೀರ್ಮಾನ ಆಗದೆ ಪಂದ್ಯ ಶುರು ಮಾಡೋಕಾಗಲ್ಲ."

ಅವಳು ಸ್ಟೂಲ್ ಎಳೆದುಕೊಂಡು ಕೂತಳು. "ಹೇಳಿ."

ಅವನಿಗೆ ಯಾರೂ ಹೇಳಿ ಅಂದಿರಲಿಲ್ಲ. ಮುಚ್ಕೊಂಡಿರು ಅಂದವರು ಬೇಕಾದಷ್ಟಿದ್ದರು. ಎಂಟಕ್ಕೂ ಅವನಿಗೂ ಏನೋ ಹಗೆ: ಎಂಟನೇ ಕ್ಲಾಸಿಗೆ ಸ್ಕೂಲು ಮುಗಿಯಿತು, ಎಂಟನೇ ಪಂದ್ಯದಲ್ಲಿ ಬಲಗೈ ಮೂಳೆ ಮುರಿದು ಬಾಕ್ಸಿಂಗೂ ಮುಗಿಯಿತು. ಹೊಡೆಯುತ್ತಿದ್ದ ಗ್ಲೌಸನ್ನೇ ಹೊಲಿಯುತ್ತ ಕೂತ. ಜಿಮ್ಮಿನ ಮೇಲಿನ ರೂಮಿನಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ಚಾಪೆ. ವಾರದ ಆರು ದಿನ ಅವನ ಬಾಯಿಗೆ ದಾರ ಕಚ್ಚಿ ತುಂಡು ಮಾಡುವುದು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ.

ಏಳನೇ ದಿನವಾದ ಶನಿವಾರ ಮಾತ್ರ ಒಂದು ಬಾಯಿ ಸಾಕಾಗುತ್ತಿರಲಿಲ್ಲ.

ಗೋಡೆಯಲ್ಲಿದ್ದ ಇಪ್ಪತ್ತೆರಡು ಜನರನ್ನೂ ಅವರಿಬ್ಬರು ಒಬ್ಬರ ಮೇಲೊಬ್ಬರನ್ನು ಛೂ ಬಿಟ್ಟರು. ಅವನು ಕೈ ನೋಡಿ ತೀರ್ಪು ಕೊಟ್ಟರೆ ಅವಳು ದವಡೆ ನೋಡಿ ಕೊಡುತ್ತಿದ್ದಳು. "ಈ ಮನುಷ್ಯ ರಾತ್ರಿಯೆಲ್ಲ ಹಲ್ಲು ಕಡೀತಾನೆ. ಭಯಸ್ಥ. ಮೂರನೇ ರೌಂಡಿಗೆ ಮನೆಗೆ." ರೂಲ್ಸು ಮಾಡಿದ್ದೂ ಅವಳೇ: ಪ್ರತಿಯೊಬ್ಬನೂ ತನ್ನ ಜೀವನದ ಅತ್ಯಂತ ಒಳ್ಳೇ ದಿನದಲ್ಲಿ ರಿಂಗಿಗೆ ಬರಬೇಕು. ಜ್ವರ ಇತ್ತು, ಕಾಲು ಉಳುಕಿತ್ತು ಅನ್ನೋ ಹಾಗಿಲ್ಲ.

ಮಾತಿನ ನಡುವೆ ಅವಳು ಅವನ ಕೈ ನೋಡುತ್ತಿದ್ದಳು. ಅವನಿಗೆ ಗೊತ್ತಾಗುತ್ತಿತ್ತು. ಆಗ ಹೊಲಿಗೆ ಸೊಟ್ಟಗಾಗುತ್ತಿತ್ತು.

ಐದನೇ ತಿಂಗಳು ಮತ್ತೆ ಗಡಿಯಾರ-ಇಂಜಿನ್ ಜಗಳಕ್ಕೇ ಬಂದರು. ಅವನು ಪಟ್ಟು ಬಿಡಲಿಲ್ಲ. ಅವಳು ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡು, ಪ್ಯಾಕೆಟ್ಟಿನಿಂದ ಅವನ ತೋಳಿಗೆ ಮೆಲ್ಲಗೆ ಹೊಡೆದಳು. "ಅಯ್ಯೋ, ನಿನಗೆ ಅರ್ಥಾನೇ ಆಗಲ್ಲ ಬಿಡು."

ಅವನ ಕೈಯ ಸೂಜಿ ನಿಂತಿತು.

ನಿನಗೆ. ಅರ್ಥಾನೇ ಆಗಲ್ಲ. ಇದೇ ಮಾತು ಕೇಳಿ ಕೇಳಿ ಅವನು ಒಂದು ದಿನ ಬ್ಯಾಗನ್ನು ಕ್ಲಾಸಿನಲ್ಲೇ ಬಿಟ್ಟು ನಡೆದಿದ್ದ.

"ನೀವು ಓದಿರಬಹುದು," ಅಂದ. ಧ್ವನಿ ಅವನಿಗೇ ಪರಕೀಯವಾಗಿತ್ತು. "ಹಾಗಂತ ನನ್ನ ನೀನು ಅನ್ಬೇಕು ಅಂತೇನಿಲ್ಲ."

ಅವಳ ನಗು ಅಲ್ಲೇ ಒಣಗಿತು. ಏನೋ ಹೇಳಲು ಹೋಗಿ, ಪ್ಯಾಕೆಟ್ಟನ್ನು ಬೆಂಚಿನ ಮೇಲಿಟ್ಟಳು. "ತಪ್ಪಾಯ್ತು. ಬರ್ತೀನಿ."

ಬರಲಿಲ್ಲ.

ಮುಂದಿನ ಶನಿವಾರ ಪ್ಯಾಕೆಟ್ ಕೊರಿಯರಿನಲ್ಲಿ ಬಂತು. ಅದರ ಮುಂದಿನದೂ. ನಾಲ್ಕು ಗಂಟೆಗೆ ಸೂಜಿ ಬೆಂಚಿಗೆ ಬೆನ್ನು ಮಾಡಿ ಕೂರುತ್ತಿದ್ದ, ಸ್ಟೂಲ್ ಕಾಣದಿರಲೆಂದು. ಗೋಡೆಯ ಇಪ್ಪತ್ತೆರಡು ಜನ ತಮ್ಮ ತಮ್ಮ ಕಾಲದಲ್ಲಿ ಒಂಟಿಯಾಗಿ ಮುಷ್ಟಿ ಹಿಡಿದು ನಿಂತಿದ್ದರು. ಯಾರಿಗೂ ಎದುರಾಳಿ ಇಲ್ಲ.

ನಾಲ್ಕನೇ ಶನಿವಾರ ಕೋಚ್ ಒಂದು ಗಾರ್ಡ್ ತಂದು ಅವನ ತೊಡೆ ಮೇಲೆ ಹಾಕಿದರು. ಅವರನ್ನು ಎಲ್ಲರೂ ಮಾವ ಅನ್ನುತ್ತಿದ್ದರು.

"ಇದು ಟೈಟ್ ಅಂತೆ. ಹೋಗಿ ಸರಿ ಮಾಡಿಸ್ಕೊಂಡು ಬಾ."

"ಕೊರಿಯರ್ ಮಾಡಿ ಮಾವ."

"ಸಿಟ್ಟನ್ನ ಕೊರಿಯರ್ ಮಾಡೋಕಾಗಲ್ಲ ಕಣೋ. ಎದ್ದೇಳು."

ಲ್ಯಾಬು ಮೂರನೇ ಮಹಡಿಯ ಮೂಲೆಯಲ್ಲಿತ್ತು. ಒಂದು ಕಿಟಕಿ, ಒಂದು ಮೇಜು, ನೆಲದಿಂದ ಸೂರಿನವರೆಗೆ ಕಪಾಟು, ಅದರ ತುಂಬ ಅಳತೆಗೆಂದು ಎರಕ ಹೊಯ್ದ ಪ್ಲಾಸ್ಟರಿನ ದವಡೆಗಳು. ನೂರಾರು ಬಾಯಿ. ಅವುಗಳ ನಡುವೆ ಅವಳೊಬ್ಬಳೇ.

ಗಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದಕ್ಕೇನೂ ಆಗಿಲ್ಲವಲ್ಲ."

"ಟೈಟ್ ಅಂದ್ರು ಮಾವ."

"ಇದು ಮಾವನದೇ ಅಳತೆ. ಅವರು ಹಲ್ಲು ಕಟ್ಟಿಸ್ಕೊಂಡು ಎರಡು ವರ್ಷ ಆಯ್ತು. ಗಾರ್ಡ್ ಯಾಕೆ ಬೇಕಂತೆ?"

ಅವನಿಗೆ ಕಿವಿ ಬಿಸಿಯಾಯಿತು. ದೃಷ್ಟಿ ತಪ್ಪಿಸಲು ಕಪಾಟಿನ ಕಡೆ ತಿರುಗಿದ. ಮಧ್ಯದ ಹಲಗೆಯಲ್ಲಿ ದವಡೆಗಳು ಸಾಲಾಗಿರಲಿಲ್ಲ, ಎರಡೆರಡು ಎದುರುಬದುರು ನಿಂತಿದ್ದವು. ಕೊನೆಯ ಜೋಡಿಯಲ್ಲಿ ಒಂದು ಮುದಿ ಹಳದಿ, ಅದರ ಚೀಟಿಯಲ್ಲಿ ಹೆಸರು: ಗಡಿಯಾರ. ಅದರ ಎದುರಿನದಕ್ಕೆ ನಂಬರಿನ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: ಸೂಜಿ.

"ನೀವು ಆಡ್ತಿದ್ದಾಗ ತೆಗೆದ ಅಳತೆ, ಆರು ವರ್ಷ ಹಿಂದಿಂದು," ಅಂದಳು ಹಿಂದಿನಿಂದ. "ಎಸೆಯೋ ಡಬ್ಬದಲ್ಲಿತ್ತು. ಹುಡುಕೋಕೆ ಎರಡು ಭಾನುವಾರ ಹಿಡೀತು."

"ಅವತ್ತು ನೀವು ನನ್ನ..." ಅವನು ಅವಳತ್ತ ತಿರುಗಿದ. "ನನಗೆ ನೀನು ಅಂದವರೆಲ್ಲ ಮೇಲೆ ನಿಂತೇ ಅಂದಿದ್ರು."

"ನಾನು ಸ್ಟೂಲ್ ಮೇಲಿದ್ದೆ. ನಿಮಗಿಂತ ಗೇಣು ಕೆಳಗೆ."

ಅದೂ ನಿಜವೇ.

"ನಮ್ಮನೇಲಿ ಅಪ್ಪ ನೀವು, ಅಣ್ಣ ನೀವು, ಅತ್ತಿಗೆ ನೀವು," ಅಂದಳು, ಉಗುರಿನ ಪುಡಿ ಕೆರೆಯುತ್ತ. "ನಾನು ನೀನು ಅಂತಿದ್ದಿದ್ದು ಅಮ್ಮನಿಗೊಬ್ಬಳಿಗೇ. ಅವಳು ಹೋಗಿ ನಾಲ್ಕು ವರ್ಷ. ಇಲ್ಲಿ ಇಷ್ಟು ಬಾಯಿ ಇವೆ, ಒಂದೂ ಮಾತಾಡಲ್ಲ. ಅವತ್ತು ಆ ಮಾತು ತಾನೇ ಬಂತು. ಬಂದಿದ್ದಕ್ಕೆ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಅಷ್ಟರಲ್ಲಿ ನಿಮ್ಮ ಮುಖ ನೋಡಿದೆ."

ಕಿಟಕಿಯಾಚೆ ಯಾರೋ ಸೈಕಲ್ ಬೆಲ್ ಬಾರಿಸುತ್ತ ಹೋದರು. ಸೂಜಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹೊಡೆತ ಬೀಳುವುದನ್ನು ದೂರದಿಂದಲೇ ಗುರುತಿಸುವವನು ಇದನ್ನು ಕಂಡಿರಲಿಲ್ಲ.

"ಈ ಪಂದ್ಯದಲ್ಲಿ ಯಾರು ಗೆಲ್ತಾರೆ?" ಕೊನೆಯ ಜೋಡಿ ತೋರಿಸಿ ಕೇಳಿದ.

"ಗಡಿಯಾರಾನೇ. ಎರಡನೇ ರೌಂಡಲ್ಲಿ." ಅವಳ ತುಟಿಯ ಮೂಲೆ ಸ್ವಲ್ಪ ಸಡಿಲವಾಯಿತು. "ಆದ್ರೆ ಇನ್ನೂ ಶುರು ಮಾಡಿಲ್ಲ. ನಿಮ್ಮ ಒಳ್ಳೇ ದಿನ ಯಾವುದು ಅಂತ ನನಗೆ ಗೊತ್ತಿಲ್ಲ."

ಅವನು ಯೋಚಿಸಿದ. ಎಂಟು ಪಂದ್ಯಗಳನ್ನೂ ಒಂದೊಂದಾಗಿ ತೆಗೆದು ನೋಡಿ ಕೆಳಗಿಟ್ಟ.

"ಶನಿವಾರ," ಅಂದ. "ನಾಲ್ಕು ಗಂಟೆ."

ಅವಳು ತಲೆ ಎತ್ತಲಿಲ್ಲ. ಮೇಜನ್ನು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಆಮೇಲೆ, ಬಟ್ಟೆ ಹಿಡಿದ ಕೈ ಅಲ್ಲೇ ನಿಲ್ಲಿಸಿ, ಬಹಳ ಮೆಲ್ಲಗೆ ಕೇಳಿದಳು.

"ಯಾರ ಕಾಲದ ಗ್ಲೌಸು?"

ಸೂಜಿ ಮೂಲೆಯಲ್ಲಿದ್ದ ಸ್ಟೂಲ್ ಎಳೆದುಕೊಂಡು ಅವಳ ಎದುರು ಕೂತ.

"ನೀನೇ ಹೇಳು."