ಸೇರದ ಗೋಡೆಗಳು

ಕಡಲ ದಂಡೆಯಲ್ಲಿ ಪೋರ್ಚುಗೀಸರು ಕಟ್ಟಿ ಹೋದ ಕೋಟೆ ಇಷ್ಟು ಶತಮಾನ ಗಟ್ಟಿಯಾಗಿಯೇ ನಿಂತಿತ್ತು. ಅದರ ನಕ್ಷೆ ಬರೆಯಲು ಬಂದ ಹುಡುಗಿಯ ಕಾಗದದ ಮೇಲೆ ಮಾತ್ರ ಅದು ನಿಲ್ಲುತ್ತಿರಲಿಲ್ಲ. ಸುತ್ತು ಬಂದು ಹೊರಟ ಮೂಲೆಯನ್ನೇ ಮುಟ್ಟಬೇಕಾದ ಕೊನೆಯ ಗೆರೆ ಪ್ರತಿ ಸಲವೂ ಮೊದಲೇ ನಿಂತುಬಿಡುತ್ತಿತ್ತು. ಪೋರ್ಚುಗೀಸರು ಇಡದ ಬಾಗಿಲೊಂದು ಅಲ್ಲಿ ತೆರೆದೇ ಇರುತ್ತಿತ್ತು.

"ಗೋಡೆಗಳೇ ಸೊಟ್ಟ, ಸರ್," ಎಂದಳು ಕೆಲಸ ಕೊಟ್ಟ ಇಂಜಿನಿಯರರ ಮುಂದೆ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದರು ಅವರು. ಶನಿವಾರದೊಳಗೆ ನಕ್ಷೆ ಸರಿಯಾಗದಿದ್ದರೆ ಬೇರೆಯವರನ್ನು ಕರೆಸುವುದಾಗಿಯೂ ಹೇಳಿದರು. ನಕ್ಷೆ ಬರೆಯಲು ಕಲಿತ ಮೇಲೆ ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಇದು. ಅಂದಿನಿಂದ ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ.

ಚಡಪಡಿಕೆಗೆ ಇನ್ನೊಂದು ಕಾರಣವೂ ಇತ್ತು, ಅದನ್ನು ಅವಳು ಒಪ್ಪುತ್ತಿರಲಿಲ್ಲ. ಅಳತೆ ಟೇಪಿನ ಆಚೆ ತುದಿ ಹಿಡಿಯಲು ಕೋಟೆಯ ಕಚೇರಿ ಒಬ್ಬ ಆಸಾಮಿಯನ್ನು ಕೊಟ್ಟಿತ್ತು. ತೆಂಗಿನ ಮರದ ಹಾಗೆ ಬೆಳೆದಿದ್ದರಿಂದ ಎಲ್ಲರಿಗೂ ಅವನು ಲಂಬು. ಅವಳು ಬಗ್ಗಿ ಅಂಕಿ ಓದುವಾಗ ಅವಳನ್ನು ನೋಡುತ್ತಾನೆ. ತಲೆ ಎತ್ತಿದರೆ ಸಮುದ್ರ ನೋಡುತ್ತಾನೆ. ಆ ಸಮುದ್ರದಲ್ಲಿ ಅಂಥದ್ದೇನಿದೆಯೋ, ಕಿವಿ ಮಾತ್ರ ಕೆಂಪಾಗಿರುತ್ತದೆ.

"ಅಳತೆ ತಪ್ಪಿದ್ದು ಗೋಡೆಯದೋ, ನಿನ್ನದೋ?" ಎಂದು ಮನೆಯಲ್ಲಿ ಚಿಕ್ಕಮ್ಮ ಕೇಳಿದಳು. ಇವಳು ಪೆನ್ಸಿಲ್ ಚೂಪು ಮಾಡುತ್ತ ಕೂತಳು. ಅದು ಆಗಲೇ ಚೂಪಾಗಿತ್ತು.

ಗುರುವಾರ ಬುರುಜಿನ ಪಕ್ಕದ ಗೋಡೆಯನ್ನು ಮತ್ತೆ ಅಳೆಯುವಾಗ ಅವಳು ಅಂಕಿ ಓದುವ ಬದಲು ತಟ್ಟನೆ ತಲೆ ಎತ್ತಿದಳು. ಟೇಪಿನ ತುದಿ ಗೋಡೆಯ ಮೂಲೆಗೆ ತಾಗಿರಬೇಕಿತ್ತು. ಲಂಬುವಿನ ಕೈ ಮೂಲೆಯಿಂದ ಒಂದು ಗೇಣು ಈಚೆಗಿತ್ತು, ಕಣ್ಣು ಅವಳ ಮೇಲಿತ್ತು.

ಅವಳು ದಾಪುಗಾಲು ಹಾಕಿ ಬಂದು ಬೇಕಂತಲೇ ಹೀಗೆ ಮಾಡಿದ್ದಾ ಎಂದು ಕೇಳಿದಳು.

"ಹೌದು. ಅಳತೆ ಮುಗಿದ್ರೆ ನೀವು ಹೊರಟುಬಿಡ್ತೀರಲ್ಲ," ಎಂದ ಲಂಬು. ಈ ಸಲ ಸಮುದ್ರ ನೋಡಲಿಲ್ಲ.

ಅವಳ ಎದೆ ಝಲ್ಲೆಂದಿತು. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. "ಶನಿವಾರ ನನ್ನ ಕೆಲಸ ಹೋಗುತ್ತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ."

ಅವನಿಗೆ ಅದು ಗೊತ್ತೇ ಇರಲಿಲ್ಲ. ಟೇಪು ಸುತ್ತಿ ಅವಳ ಕೈಗಿಟ್ಟು, ನೇರ ಇಂಜಿನಿಯರರ ಕೋಣೆಗೆ ಹೋಗಿ ತಪ್ಪು ತನ್ನದೆಂದು ಒಪ್ಪಿಕೊಂಡ. ಅವರು ಚೆನ್ನಾಗಿ ಬೈದು ಅವನನ್ನು ಟಿಕೆಟ್ ಕೌಂಟರಿಗೆ ಹಾಕಿದರು.

ಅವನ ಜಾಗಕ್ಕೆ ಬಂದ ಹಿರಿಯರು ಟೇಪನ್ನು ಮೂಲೆಗೆ ಒತ್ತಿ ಹಿಡಿದರು. ಮಾತಿಲ್ಲ, ಕತೆಯಿಲ್ಲ. ಶನಿವಾರ ಕೊನೆಯ ಗೆರೆ ಮೂಲೆಯನ್ನು ಮುಟ್ಟಿತು. ಇಂಜಿನಿಯರರು ಶಹಬ್ಬಾಸ್ ಎಂದರು, ಇನ್ನೊಂದು ಊರಿನ ಕೋಟೆಯ ಕೆಲಸವೂ ಅವಳದೇ ಎಂದರು. ಕುಣಿದಾಡಬೇಕಾದ ಹೊತ್ತಿನಲ್ಲಿ ಅವಳಿಗೆ ಅಳು ಬಂತು. ತನಗೆ ಲಂಬು ಬೇಕು. ಸಿಟ್ಟು ಇನ್ನೂ ಇಳಿದಿಲ್ಲ, ಆದರೂ ಬೇಕು.

ಕೌಂಟರಿನ ಮುಂದೆ ಪ್ರವಾಸಿಗರ ಸಾಲಿತ್ತು. ಅವಳೂ ನಿಂತಳು. ಸರದಿ ಬಂದಾಗ ಅವನು ತಲೆ ಎತ್ತದೆ ಎಷ್ಟು ಜನ ಎಂದು ಕೇಳಿದ.

"ಒಬ್ಬಳೇ. ಸೋಮವಾರ ಹೊರಡ್ತಿದೀನಿ."

ಟಿಕೆಟ್ ಹರಿಯುತ್ತಿದ್ದ ಕೈ ನಿಂತಿತು. "ಸುಳ್ಳು ಅಳತೆ ಕೊಟ್ಟವನು ನಾನು. ಇನ್ನು ಯಾವ ಬಾಯಲ್ಲಿ ಇರಿ ಅನ್ನಲಿ?"

"ಇರಲ್ಲ, ಹೋಗ್ತೀನಿ. ಟೇಪಂತೂ ಈ ಜನ್ಮದಲ್ಲಿ ನಿನ್ನ ಕೈಗೆ ಕೊಡಲ್ಲ." ಅವಳು ಕೌಂಟರಿನ ಕಿಂಡಿಗೆ ಬಗ್ಗಿದಳು. "ಆದ್ರೆ ಸಂಜೆ ಮನೆಗೆ ಬಾ. ಚಿಕ್ಕಮ್ಮನ ಹತ್ರ ನನ್ನನ್ನ ಕೇಳು. ನೆಟ್ಟಗೆ ಕೇಳು."

ಹಿಂದಿನಿಂದ ಯಾರೋ ಬೇಗ ಆಗಲಿ ಎಂದು ಗೊಣಗಿದರು. ಸಂಜೆಯವರೆಗೆ ಕಾಯುವ ತಾಳ್ಮೆ ಲಂಬುವಿಗಿರಲಿಲ್ಲ. ಟಿಕೆಟ್ ಪುಸ್ತಕವನ್ನು ಪಕ್ಕದವನ ಕೈಗೆ ತುರುಕಿ, ಬಾಗಿಲು ತೆಗೆದು ಹೊರಗೆ ಬಂದ.