ಆ ಕಡೆಯ ಟೇಪು

"ಯಾರ್ರೀ ಅದು, ಹೇಳದೆ ಕೇಳದೆ ಟೇಪ್ ಹೊರಗೆ ತಳ್ಳಿಸಿದ್ದು?"

ಫೋನ್ ಎತ್ತಿದ ಕೂಡಲೇ ಅವಳ ಕಿವಿಗೆ ಬಿದ್ದ ಮೊದಲ ಮಾತು ಇದು.

"ನಾನೇ... ಎಜೆಕ್ಟ್ ಕಮಾಂಡ್ ಕೊಟ್ಟೆ. ಏನಾಯ್ತು?"

"ಏನಾಗ್ಬೇಕು? ಡ್ರೈವ್ ಬಾಗಿಲು ಒರೆಸ್ತಾ ಇದ್ದೆ. ಟೇಪ್ ಬಂದು ಬೆರಳಿಗೆ ಕುಟ್ತು. ನಾನು ಬೆಚ್ಚಿ ಚಹಾ ಚೆಲ್ಲಿಕೊಂಡೆ. ಹೊಸ ಶರ್ಟು ಮೇಡಂ!"

ನಗಬಾರದೆಂದುಕೊಂಡಳು. ಆದರೂ ನಕ್ಕುಬಿಟ್ಟಳು. ಆ ಕಡೆಯೂ ನಗು ಕೇಳಿಸಿತು.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸುವ ಗ್ರಂಥಾಲಯ ಅದು. ಅವಳು ಮುಖ್ಯ ಕಚೇರಿಯ ಇಂಜಿನಿಯರ್. ಆ ಓದುಗಳನ್ನು ಕಂಪ್ಯೂಟರ್ ಫೈಲುಗಳಾಗಿ ಟೇಪಿನಲ್ಲಿ ಬರೆದಿಡುವ ಯಂತ್ರ, ಟೇಪ್ ಡ್ರೈವ್, ಮಾತ್ರ ಬೇರೆ ಊರಿನ ದಾಸ್ತಾನು ಕಟ್ಟಡದಲ್ಲಿತ್ತು, ಅದನ್ನು ನೋಡಿಕೊಳ್ಳುವ ಇಂಜಿನಿಯರ್ ಅವನು. ಅವನು ಟೇಪ್ ಹಾಕುತ್ತಿದ್ದ. ಇವಳು ಇಲ್ಲಿ ಕುಳಿತು ಕಮಾಂಡ್ ಬರೆದು ಎಂಟರ್ ಒತ್ತಿದರೆ, ನೆಟ್‌ವರ್ಕ್ ಮೂಲಕ ಹೋಗಿ ಟೇಪು ಅಲ್ಲಿ ತಿರುಗುತ್ತಿತ್ತು. ಚಹಾ ಚೆಲ್ಲಿದ ದಿನದಿಂದ ಅವನ ಬಾಯಲ್ಲಿ ಅವಳಿಗೆ 'ಎಂಟರ್ ಮೇಡಂ' ಎಂಬ ಹೆಸರು ಬಿತ್ತು.

ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆದರೂ ಟೇಪು ಸುತ್ತುವಷ್ಟು ಹೊತ್ತು ಮಾತು, ಸುತ್ತಿ ಮುಗಿದ ಮೇಲೂ ಮಾತು. ತಾಯಿಯಿಲ್ಲದ ತನ್ನನ್ನು ಅಕ್ಕನೇ ಸಾಕಿದ್ದು, ಅವಳೂ ತೀರಿಹೋದದ್ದು, ಎಲ್ಲವನ್ನೂ ಅವನು ಹೇಳಿಕೊಂಡಿದ್ದ. ಅಕ್ಕ ಇದೇ ಗ್ರಂಥಾಲಯಕ್ಕೆ ಮಕ್ಕಳ ಕಥೆಗಳನ್ನು ಓದಿದವಳು. ಮೂಲ ಕ್ಯಾಸೆಟ್‌ಗಳು ಬೂಷ್ಟು ಹಿಡಿದು ಹಾಳಾಗಿದ್ದವು. ಅವಳ ಧ್ವನಿ ಉಳಿದಿದ್ದು ಒಂದೇ ಒಂದು ಟೇಪಿನಲ್ಲಿ.

ಹೋದ ವಾರ ಅವನು ಕೇಳಿಯೇಬಿಟ್ಟಿದ್ದ. "ನನ್ನನ್ನ ಮದುವೆ ಆಗ್ತೀರಾ?"

"ಸೋಮವಾರ ಹೇಳ್ತೀನಿ."

ಹೂಂ ಎಂಬ ಮಾತು ಅವಳ ನಾಲಿಗೆ ತುದಿಯಲ್ಲೇ ಇತ್ತು. ಆದರೆ ಅವಳು ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ಹಿಂದೊಮ್ಮೆ ಒಪ್ಪಿಕೊಂಡಿದ್ದ ಗಂಡಿನ ಮನೆಯವರು ವಯಸ್ಸು ತಿಳಿದ ಮೇಲೆ ಬೆನ್ನು ತಿರುಗಿಸಿದ್ದರು. 'ಇವನೂ ಹಾಗೇ ಮಾಡಿದರೆ ನಾನು ತಡೆದುಕೊಳ್ಳಲಾರೆ...'

ಸೋಮವಾರ ಬಂತು. ಅಂದು ಬೆಳಗ್ಗೆ ಅಕ್ಕನ ಕಥೆಗಳ ಹಿಂದೆಯೇ, ಅದೇ ಟೇಪಿನಲ್ಲಿ, ಹೊಸ ಓದುಗಳನ್ನು ಸೇರಿಸುವ ಕೆಲಸವಿತ್ತು. ಅವನು ಟೇಪ್ ಹಾಕಿ ಫೋನ್ ಮಾಡಿದ. "ಹಾಕಿದೀನಿ." ಅಷ್ಟೇ ಹೇಳಿ ಕಾದ.

"ಆಮೇಲೆ ಮಾತಾಡ್ತೀನಿ," ಎಂದಳು ಅವಳು.

ಅವನು ಫೋನ್ ಇಟ್ಟ.

ಆ ಡ್ರೈವ್‌ಗೆ ಕಮಾಂಡಿನಲ್ಲಿ ಬರೆಯಲು ಎರಡು ಹೆಸರುಗಳಿದ್ದವು. ಒಂದು ಹೆಸರಿನಿಂದ ಕರೆದರೆ ಕೆಲಸ ಮುಗಿದಲ್ಲೇ ಟೇಪು ನಿಲ್ಲುತ್ತದೆ. ಇನ್ನೊಂದರಿಂದ ಕರೆದರೆ, ಕೆಲಸ ಮುಗಿಯುತ್ತಲೇ ತಾನಾಗಿ ಮೊದಲಿಗೆ ಸುತ್ತಿಕೊಳ್ಳುತ್ತದೆ. ಟೇಪನ್ನು ಅಕ್ಕನ ಕಥೆಗಳ ಕೊನೆಗೆ ಒಯ್ಯುವಾಗ ಅವಳು ಬಳಸಿದ್ದು ಎರಡನೆಯ ಹೆಸರನ್ನು. ಮನಸ್ಸು ಎಲ್ಲೋ, ಬೆರಳು ಎಲ್ಲೋ. ಟೇಪು ಕೊನೆಗೆ ಹೋಯಿತು, ಸದ್ದಿಲ್ಲದೆ ಮೊದಲಿಗೆ ಬಂತು. ಅದು ತಿಳಿಯದೆ ಅವಳು ಬರೆಯುವ ಕಮಾಂಡ್ ಕೊಟ್ಟಳು.

ಸ್ಕ್ರೀನ್ ಮೇಲೆ ಫೈಲುಗಳ ಹೆಸರು ಒಂದೊಂದಾಗಿ ಇಳಿಯತೊಡಗಿತು. ಅವಳ ಕಣ್ಣು ಮೇಲೆ ತಾನೇ ಟೈಪ್ ಮಾಡಿದ್ದ ಕಮಾಂಡಿನ ಸಾಲಿಗೆ ಹೋಯಿತು.

ಅಲ್ಲಿದ್ದದ್ದು ಡ್ರೈವಿನ ಎರಡನೆಯ ಹೆಸರು.

'ಅಯ್ಯೋ... ಅಕ್ಕನ ಮೇಲೇ ಬರೀತಾ ಇದೆ!'

ನಿಲ್ಲಿಸಲೆಂದು ಹೋದ ಕೈ ಗಾಳಿಯಲ್ಲೇ ನಿಂತಿತು. ಇಲ್ಲಿಂದ ನಿಲ್ಲಿಸಿದರೆ ಡ್ರೈವ್ ಅಲ್ಲಿಗೇ 'ಮುಗಿಯಿತು' ಎಂಬ ಗುರುತು ಹಾಕಿಬಿಡುತ್ತದೆ. ಆ ಗುರುತಿನ ಆಚೆಗಿನದನ್ನು ಅದು ಮತ್ತೆ ಓದುವುದಿಲ್ಲ. ನಿಲ್ಲಿಸದಿದ್ದರೆ ಕಥೆಗಳು ಒಂದೊಂದಾಗಿ ಅಳಿಯುತ್ತವೆ. ಇದ್ದದ್ದು ಒಂದೇ ದಾರಿ. ಗುರುತು ಬೀಳುವ ಮೊದಲೇ ಯಾರಾದರೂ ಅಲ್ಲಿ ಡ್ರೈವಿನ ಪ್ಲಗ್ ಕಿತ್ತುಹಾಕಬೇಕು.

ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ.

ಪಾಪ, ಅವನೇನು ಬಲ್ಲ? ಇವಳ ನಂಬರ್ ನೋಡಿ, 'ಬೇಡ ಅನ್ನೋಕೇ ಮಾಡ್ತಿದಾಳೆ, ಸ್ವಲ್ಪ ತಡೆದು ಕೇಳೋಣ' ಎಂದುಕೊಂಡು ಫೋನಿನ ಮುಂದೆಯೇ ತಲೆ ತಗ್ಗಿಸಿ ಕುಳಿತಿದ್ದ.

ಸ್ಕ್ರೀನಿನಲ್ಲಿ ಹೆಸರುಗಳು ಇಳಿಯುತ್ತಲೇ ಇದ್ದವು. ಬೇರೆ ಊರಿನ ಗೋಡೆಯಲ್ಲಿರುವ ಪ್ಲಗ್ಗಿಗೆ ಇಲ್ಲಿಂದ ಕೈ ಎಟುಕೀತೇ?

ಕೊನೆಗೆ ಅವನ ಸ್ಕ್ರೀನಿಗೇ ಸಂದೇಶ ಕಳಿಸಿದಳು. 'ಫೋನ್ ತಗೊಳ್ಳಿ' ಎಂದರೆ ಅವನು ತೆಗೆಯಲಾರ. ನಿಜವನ್ನೇ ಬರೆಯಬೇಕಿತ್ತು. ಬರೆದಳು.

'ಅಕ್ಕನ ಟೇಪ್ ಅಳಿಸ್ತಾ ಇದೀನಿ. ತಪ್ಪು ನಂದು. ಪ್ಲಗ್ ಕೀಳಿ.'

ಹೆಸರು ಇಳಿಯಿತು. ಇನ್ನೊಂದು ಇಳಿಯಿತು. ಮತ್ತೊಂದು...

ನಿಂತಿತು. ಡ್ರೈವ್ ಸಿಗುತ್ತಿಲ್ಲ ಎಂದಿತು ಸ್ಕ್ರೀನ್. ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಫೋನ್ ಬಡಿದುಕೊಂಡಿತು.

"ಕಿತ್ತೆ." ಅವನ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ಈಗ?"

"ಕೆಟ್ಟಿರೋ ಭಾಗ ದಾಟಿಸಿ ಓದ್ಬೇಕು. ಬೇರೆ ಯಾರನ್ನಾದ್ರೂ ಕರೀತೀನಿ. ನಾನಿನ್ನು ಮುಟ್ಟಲ್ಲ."

"ಬೇಡ. ನೀವೇ ಮಾಡಿ."

"ನಾನೇ ಹಾಳು ಮಾಡಿದ್ದು ರೀ..."

"ಗೊತ್ತು. ಸಿಟ್ಟೂ ಬಂದಿದೆ. ಆದ್ರೂ ಅಕ್ಕನ ಟೇಪನ್ನ ಬೇರೆಯವರ ಕೈಗೆ ಕೊಡೋಕೆ ಮನಸ್ಸಿಲ್ಲ."

ಅವನು ಡ್ರೈವ್‌ಗೆ ಮತ್ತೆ ಕರೆಂಟ್ ಕೊಟ್ಟ. ಅವಳು ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಹೇಳುತ್ತಾ ಟೈಪ್ ಮಾಡಿದಳು, ಅವನು ಹೂಂ ಎಂದ ಮೇಲೆಯೇ ಎಂಟರ್ ಒತ್ತಿದಳು. ಒಂದು ಕಮಾಂಡ್ ಸೋತಿತು. ಮತ್ತೊಂದೂ ಸೋತಿತು. ಊಟದ ಹೊತ್ತು ಮೀರಿತು, ಇಬ್ಬರೂ ಏಳಲಿಲ್ಲ.

ಅದರ ಮುಂದಿನ ಕಮಾಂಡಿಗೆ ಡ್ರೈವ್ ಕೆಟ್ಟ ಭಾಗ ದಾಟಿ ಓದತೊಡಗಿತು. ಸಿಕ್ಕಿದ ಫೈಲನ್ನು ಅವನು ತೆರೆದು, ಸ್ಪೀಕರಿನ ಹತ್ತಿರ ಫೋನ್ ಹಿಡಿದ.

ಒಬ್ಬ ಹೆಂಗಸಿನ ಧ್ವನಿ. "...ಆಮೆ ಸುಮ್ಮನಿತ್ತು. ಯಾಕೆ ಸುಮ್ಮನಿತ್ತು ಹೇಳಿ ನೋಡೋಣ, ಮಕ್ಕಳೇ?"

ಆ ಕಥೆ ಮುಗಿಯುವವರೆಗೆ ಇಬ್ಬರೂ ಕೇಳಿದರು.

"ಎಷ್ಟು ಹೋಯ್ತು?" ಎಂದು ಅವಳು ಕೇಳಿದಳು.

"ಮೊದಲ ಮೂರು ಕಥೆ."

"ಅದನ್ನ ನಾನು ವಾಪಸ್ ತರಲಾರೆ," ಎಂದಳು. "ಇನ್ನೊಂದೂ ಹೇಳ್ಬೇಕು. ನಾನು ನಿಮಗಿಂತ ನಾಲ್ಕು ವರ್ಷ ದೊಡ್ಡವಳು. ಅದಕ್ಕೇ ಬಾಯಿ ಬಿಡೋಕೆ ಹೆದರಿದ್ದು. ಇಷ್ಟ ಇಲ್ಲ ಅಂತಲ್ಲ."

ಅವಳಿಗೆ ಅವನ ಮನಸ್ಸಿನೊಳಗೆ ಇಣುಕಿ ನೋಡಲು ಯಾವ ಕಮಾಂಡೂ ಇರಲಿಲ್ಲ.

"ಅಕ್ಕನ ಕೈಲಿ ಬೆಳೆದವನು ನಾನು," ಎಂದ ಅವನು. "ದೊಡ್ಡವರ ಹತ್ರ ಬೈಸಿಕೊಂಡು ಅಭ್ಯಾಸ ಇದೆ."

ಅವಳು ಅಳುತ್ತಲೇ ನಕ್ಕಳು.

"ಆ ಮೂರು ಕಥೆ ನನಗೆ ಬಾಯಿಪಾಠ," ಎಂದ. "ದಿನಾ ಅವನ್ನ ಹೇಳೇ ಅಕ್ಕ ನನ್ನನ್ನ ಮಲಗಿಸ್ತಿದ್ದಿದ್ದು. ಈಗ ನನ್ನೊಬ್ಬನ ಹತ್ರ ಮಾತ್ರ ಇದೆ. ನಾನೂ ಮರೆತುಬಿಟ್ರೆ ಹೋಯ್ತು."

"ನನಗೆ ಹೇಳಿಕೊಡ್ತೀರಾ?"

"ಫೋನಲ್ಲಿ ಹೇಳೋ ಕಥೆಗಳಲ್ಲ ಅವು. ಪಕ್ಕದಲ್ಲಿ ಕೂತು ಕೇಳ್ಬೇಕು."

ಅವಳು ಕಣ್ಣೊರೆಸಿಕೊಂಡು ಎದ್ದು, ಕುರ್ಚಿಯ ಮೇಲಿದ್ದ ಬ್ಯಾಗನ್ನು ಹೆಗಲಿಗೇರಿಸಿದಳು.

"ಸಂಜೆ ಬಸ್ಸಿಗೆ ಬರ್ತೀನಿ. ನಿಲ್ದಾಣಕ್ಕೆ ಬನ್ನಿ."