ಟಿವಿ ಹುಡುಗನಿಗೆ ಕೊಟ್ಟ ಮುತ್ತು

“ಟಿವಿ ಆಫ್ ಮಾಡ್ಬೇಡ ಕಣೆ, ಆ ಅಣ್ಣ ಇನ್ನೂ ಮನೆ ಸೇರಿಲ್ಲ,” ಎಂದಳು ಅಜ್ಜಿ.

“ಸೇರ್ತಾನೆ ಬಿಡಜ್ಜಿ,” ಎಂದಳು ಬುಗುರಿ. “ಎಲ್ಲಾ ಸಿನಿಮಾದಲ್ಲೂ ಸೇರ್ತಾನೆ. ಲಾಸ್ಟ್ ಮಿನಿಟ್‌ನಲ್ಲಿ ಬಂದು ಬಾಗಿಲು ತಟ್ತಾನೆ.”

ಬುಗುರಿ ಎಂಬುದು ಅವಳ ನಿಜವಾದ ಹೆಸರಲ್ಲ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮೊಮ್ಮಗಳಿಗೆ ಅಜ್ಜಿ ಇಟ್ಟ ಹೆಸರು. ಶಾಲೆಯಲ್ಲಿ ಬೇರೆ ಹೆಸರಿತ್ತು. ಟೀಚರ್ ಅದನ್ನು ಕರೆದಾಗ, ಯಾರಪ್ಪಾ ಅದು ಎಂದು ಅವಳೇ ಒಮ್ಮೊಮ್ಮೆ ಹಿಂದೆ ತಿರುಗಿ ನೋಡುವುದಿತ್ತು.

ಈಗ ಕ್ರಿಸ್‌ಮಸ್ ರಜೆ. ಯಾವ ಚಾನೆಲ್ ಹಾಕಿದರೂ ಕ್ರಿಸ್‌ಮಸ್ ಸಿನಿಮಾ. ಎಲ್ಲದರಲ್ಲೂ ಹಿಮ ಬೀಳುತ್ತದೆ, ಎಲ್ಲದರಲ್ಲೂ ದೀಪ ಹಾಕಿದ ಮರ ಇರುತ್ತದೆ, ಎಲ್ಲದರಲ್ಲೂ ಯಾರಿಗೋ ರೈಲು ತಪ್ಪುತ್ತದೆ. ಕೊನೆಗೆ ಎಲ್ಲರೂ ಮರದ ಹತ್ತಿರ ನಿಂತು ತಬ್ಬಿಕೊಳ್ಳುತ್ತಾರೆ. ಇಷ್ಟೆಲ್ಲ ಗೊತ್ತಿದ್ದರೂ ಹೊತ್ತಾಯಿತು ಎಂದು ಗಡಿಯಾರ ತೋರಿಸಿದ ಕೂಡಲೇ ಬುಗುರಿಗೆ ಕೂತಿರಲು ಆಗುತ್ತಿರಲಿಲ್ಲ. ಎದ್ದು ಸೋಫಾದ ಹಿಂದೆ ಹೋಗುತ್ತಿದ್ದಳು. ಅಡುಗೆಮನೆಗೆ ಹೋಗಿ ಬರುತ್ತಿದ್ದಳು. ಒಂದೇ ಲೋಟ ನೀರನ್ನು ನಾಲ್ಕು ಸಲ ಕುಡಿಯುತ್ತಿದ್ದಳು. ಸಿನಿಮಾ ಮುಗಿದ ಮೇಲಂತೂ ಇನ್ನೂ ಕಷ್ಟ. ಟಿವಿ ಆರಿದೊಡನೆ ತಮ್ಮ ಮನೆ ಇದ್ದಕ್ಕಿದ್ದಂತೆ ಚಿಕ್ಕದಾಗಿ, ಸಪ್ಪೆಯಾಗಿ ಕಾಣುತ್ತಿತ್ತು. ಈ ಸಿನಿಮಾಗಳೇ ಬೇಡ ಅನ್ನಿಸುತ್ತಿತ್ತು. ಆದರೂ ಮರುದಿನ ಮತ್ತೆ ರಿಮೋಟ್ ಹುಡುಕುತ್ತಿದ್ದಳು.

ಯಾಕೆಂದರೆ ಆ ಸಿನಿಮಾಗಳಲ್ಲಿ ಅಮ್ಮ ಮಾತಾಡುತ್ತಿದ್ದಳು.

ಬುಗುರಿಯ ಅಮ್ಮನದು ಡಬ್ಬಿಂಗ್ ಕೆಲಸ. ಎಲ್ಲಿಂದಲೋ ಬಂದ ಸಿನಿಮಾಗಳಲ್ಲಿ ಬಾಯಾಡಿಸುವ ತಾಯಂದಿರಿಗೆಲ್ಲ ಅವಳೇ ದನಿ. ವರ್ಷವಿಡೀ ಅಲ್ಲೊಂದು ಇಲ್ಲೊಂದು ಕೆಲಸ ಸಿಕ್ಕರೆ, ಕ್ರಿಸ್‌ಮಸ್ ಬಂತೆಂದರೆ ಉಸಿರಾಡಲೂ ಪುರುಸೊತ್ತಿಲ್ಲ. ಬೆಳಿಗ್ಗೆ ಹೋದವಳು ಸಂಜೆ ಗಂಟಲು ಕಟ್ಟಿಕೊಂಡು ಮನೆಗೆ ಬರುತ್ತಿದ್ದಳು. ಮಾರನೆಯ ದಿನಕ್ಕೆ ದನಿ ಉಳಿಯಬೇಕಲ್ಲ, ಅದಕ್ಕೆ ಮನೆಯಲ್ಲಿ ಮೌನ. ಪಿಸುಮಾತೂ ಇಲ್ಲ, ಪಿಸುಗುಟ್ಟಿದರೆ ಗಂಟಲು ಇನ್ನಷ್ಟು ಕೆಡುತ್ತದಂತೆ. ಒಂದು ಚಪ್ಪಾಳೆ ಹೊಡೆದರೆ ಊಟಕ್ಕೆ ಬಾ ಎಂದು. ಎರಡು ಹೊಡೆದರೆ ಮಲಗು ಎಂದು. ಉಳಿದದ್ದೆಲ್ಲ ಕೈಸನ್ನೆ. ಅಜ್ಜಿಗೆ ಈ ಸನ್ನೆಗಳು ಹತ್ತುತ್ತಿರಲಿಲ್ಲ. ಒಮ್ಮೆ ಅಮ್ಮ ಉಪ್ಪು ಕೇಳಿದರೆ ಬಾಚಣಿಗೆ ತಂದುಕೊಟ್ಟಿದ್ದಳು. ಹಾಗಾಗಿ ಅಮ್ಮನ ಕೈ ಏನು ಹೇಳುತ್ತಿದೆ ಎಂದು ಅಜ್ಜಿಗೆ ತಿಳಿಸುವ ಕೆಲಸ ಬುಗುರಿಯ ಪಾಲಿಗೆ ಬಂದಿತ್ತು.

ಮೊದಮೊದಲು ಅದು ಮಜವಾಗಿತ್ತು. ಬರಬರುತ್ತಾ ಮಜ ಹೋಯಿತು, ಬರೀ ಬೇಜಾರು ಉಳಿಯಿತು.

ಅವತ್ತು ಸಿನಿಮಾದ ಅಣ್ಣ ರೈಲಿಳಿದು ಹಿಮದಲ್ಲಿ ಓಡುತ್ತಿರುವಾಗ ಜಾಹೀರಾತು ಬಂತು. ನಾಳೆ ರಾತ್ರಿ ಇನ್ನೊಂದು ದೊಡ್ಡ ಸಿನಿಮಾ, ತಪ್ಪದೇ ನೋಡಿ ಎಂದು ಅದರ ಒಂದು ತುಣುಕು ತೋರಿಸಿದರು. ಚಿನ್ನದ ಬಣ್ಣದ ಕೂದಲಿನ ಹುಡುಗನೊಬ್ಬ ಮರದ ಹಿಂದೆ ಅಡಗಿ ಕೂತಿದ್ದಾನೆ. ಅವನ ತಾಯಿ ಬಾಗಿಲು ತೆರೆದು ಒಳಗೆ ಬಂದಳು. ಕೋಟಿನ ಮೇಲಿನ ಹಿಮ ಕೊಡವಿದಳು. ಆಮೇಲೆ ಅಮ್ಮನ ದನಿಯಲ್ಲಿ, ಹಾಡುವ ಹಾಗೆ ಕೂಗಿದಳು:

“ಎಲ್ಲಿದ್ದಾನೆ ನಮ್ಮನೆ ಕಳ್ಳ?”

ಬುಗುರಿ ನಿಂತಲ್ಲೇ ನಿಂತಳು. ಅದು ಅಮ್ಮ ಅವಳಿಗೆಂದೇ ಆಡುವ ಮಾತು. ಮೌನ ಇಲ್ಲದ ದಿನಗಳಲ್ಲಿ ಅಮ್ಮ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಹಾಗೆ ಕೂಗುತ್ತಿದ್ದಳು, ಎಲ್ಲಿದ್ದಾಳೆ ನಮ್ಮನೆ ಕಳ್ಳಿ ಎಂದು. ಬುಗುರಿ ಬೀರುವಿನ ಸಂದಿಯಿಂದಲೋ ಮಂಚದ ಕೆಳಗಿನಿಂದಲೋ “ಇಲ್ಲಿಲ್ಲ” ಎಂದು ಕೂಗಿ ತಾನೇ ಸಿಕ್ಕಿಬೀಳುತ್ತಿದ್ದಳು. ಆಮೇಲೆ ಒಂದು ಮುತ್ತು. ಟಿವಿಯಲ್ಲೂ ಹಾಗೇ ಆಯಿತು. ಹುಡುಗ ಓಡಿ ಬಂದ, ತಾಯಿ ತಬ್ಬಿಕೊಂಡಳು, ಮುತ್ತು ಕೊಟ್ಟಳು. ಎಷ್ಟು ಜೋರು ಮುತ್ತು ಎಂದರೆ ಅಜ್ಜಿ ಕೂಡ ನಕ್ಕಳು.

ಬುಗುರಿ ಟಿವಿ ಆಫ್ ಮಾಡಿ ರಿಮೋಟನ್ನು ದಿಂಬಿನ ಅಡಿಗೆ ತುರುಕಿದಳು. ಆ ಅಣ್ಣ ಹಿಮದಲ್ಲೇ ಉಳಿದ. ಅಜ್ಜಿ ಎಷ್ಟು ಗೊಣಗಿದರೂ ಅವಳು ಜಪ್ಪಯ್ಯ ಅನ್ನಲಿಲ್ಲ.

ಸಂಜೆ ಅಮ್ಮ ಬಂದಳು. ಚಪ್ಪಲಿ ಬಿಟ್ಟಳು, ಬುಗುರಿಯ ತಲೆ ಸವರಲು ಕೈ ಚಾಚಿದಳು. ಬುಗುರಿ ತಲೆ ತಪ್ಪಿಸಿಕೊಂಡಳು.

“ನಮ್ಮ ಮಾತನ್ನ ಆ ಹುಡುಗಂಗೆ ಯಾಕೆ ಕೊಟ್ಟೆ?”

ಅಮ್ಮ ಬಾಯಿ ತೆರೆದಳು. ಆಮೇಲೆ ಗಂಟಲ ಮೇಲೆ ಕೈಯಿಟ್ಟು ಬಾಯಿ ಮುಚ್ಚಿದಳು.

“ಅವನ ಹತ್ರ ಆದ್ರೆ ದಿನಾ ಮಾತಾಡ್ತೀಯ. ನಗ್ತೀಯ. ನಂಗೆ ಚಪ್ಪಾಳೆ.”

ಅಮ್ಮನ ಗಂಟಲಲ್ಲಿ ದಿನಕ್ಕೆ ಇಷ್ಟೇ ಮಾತು ಎಂದು ಇದ್ದರೆ, ಅಷ್ಟನ್ನೂ ಆ ಹುಡುಗನೇ ಖಾಲಿ ಮಾಡುತ್ತಿದ್ದಾನೆ. ಹೀಗೇ ಆದರೆ ಒಂದು ದಿನ ತನಗೆ ಅಂತ ಏನೂ ಉಳಿಯುವುದಿಲ್ಲ. ಈ ಯೋಚನೆ ಬಂದಾಗಿನಿಂದ ಅವಳ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಅಷ್ಟರಲ್ಲಿ ಅಮ್ಮನ ಫೋನ್ ಹೊಡೆದುಕೊಂಡಿತು. ಅಮ್ಮ ಕೇಳಿಸಿಕೊಂಡಳು, ಒಂದೆರಡು ಸಲ ಹೂಂಗುಟ್ಟಿದಳು, ಇಟ್ಟಳು. ಅವಳ ಮುಖ ನೋಡಿಯೇ ಬುಗುರಿಗೆ ಗೊತ್ತಾಯಿತು. ನಾಳೆ ಅಮ್ಮನಿಗೆ ರಜೆ, ಇಡೀ ದಿನ ಬುಗುರಿಯ ಜೊತೆ ಎಂದು ಯಾವತ್ತೋ ಮಾತಾಗಿತ್ತು. ಈಗ ಆ ರಜೆಗೆ ಕಲ್ಲು ಬಿತ್ತು. ಅಮ್ಮ ಬುಗುರಿಯತ್ತ ಬೆರಳು ತೋರಿಸಿದಳು, ಆಮೇಲೆ ತನ್ನತ್ತ, ಆಮೇಲೆ ಬಾಗಿಲಿನತ್ತ. ಕೊನೆಗೆ ಬಾಯಿ ಮುಂದೆ ಮೈಕ್ ಹಿಡಿದ ಹಾಗೆ ಮಾಡಿದಳು.

“ಏನಂತೆ ಅವಳದು?” ಎಂದು ಅಜ್ಜಿ ಕೇಳಿದಳು.

ನಾಳೆ ನೀನೂ ನನ್ನ ಜೊತೆ ಸ್ಟುಡಿಯೋಗೆ ಬಾ ಎಂದು. ಬುಗುರಿಗೆ ಅದು ನೀರು ಕುಡಿದಷ್ಟು ಸುಲಭವಾಗಿ ಅರ್ಥವಾಗಿತ್ತು.

“ಗೊತ್ತಿಲ್ಲ,” ಎಂದಳು.

ಅಮ್ಮನ ಕೈ ಮೆಲ್ಲಗೆ ಕೆಳಗಿಳಿಯಿತು. ಅದನ್ನು ನೋಡಿ ಬುಗುರಿಗೆ ಕಸಿವಿಸಿಯಾಯಿತು. ಆದರೆ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಲು ಅವಳಿಗೆ ಬರಲಿಲ್ಲ.

ಬೆಳಿಗ್ಗೆ ಮುಖ ಊದಿಸಿಕೊಂಡೇ ಹೊರಟಳು. ಅಜ್ಜಿಯೂ ಜೊತೆಗೆ ಬಂದಳು. ಸ್ಟುಡಿಯೋ ಎಂದರೆ ಅರಮನೆ ಎಂದುಕೊಂಡಿದ್ದ ಅಜ್ಜಿಗೆ, ಅದು ಒಂದು ಸೈಕಲ್ ಅಂಗಡಿಯ ಮೇಲಿನ ಮಹಡಿ ಎಂದು ನೋಡಿ ಪೂರಾ ನಿರಾಸೆಯಾಯಿತು. ಮೆಟ್ಟಿಲು ಹತ್ತುವಾಗ ಅವಳಿಗೆ ಕೆಮ್ಮು ಬಂತು. ಬಾಗಿಲಲ್ಲಿದ್ದ ಸೌಂಡ್ ಅಂಕಲ್ ಕೆಮ್ಮು ಕೇಳಿದವರೇ, ಅಜ್ಜಿ ಹೊರಗಿನ ಬೆಂಚಿನ ಮೇಲೆ ಕೂತಿರಲಿ ಎಂದು ಕೈಮುಗಿದರು. ಅಮ್ಮ ಮಾತಾಡುವುದನ್ನು ಮೈಕಿನಲ್ಲಿ ಹಿಡಿದು ಸಿನಿಮಾಕ್ಕೆ ಸೇರಿಸುವವರು ಅವರೇ. ಅವರ ಕೋಣೆಯ ತುಂಬ ವೈರು. ಬುಗುರಿಯ ಕಾಲುಗಳನ್ನು ಒಮ್ಮೆ ನೋಡಿ, ಈ ಹುಡುಗಿ ಇಲ್ಲಿ ಬಂದರೆ ನನ್ನ ಕತೆ ಮುಗಿಯಿತು, ಅಮ್ಮನ ಕೋಣೆಯ ಮೂಲೆಯಲ್ಲೇ ಕೂರಿಸಿ ಎಂದರು. ಒಂದೇ ಒಂದು ಷರತ್ತು. ಕೆಂಪು ದೀಪ ಹತ್ತಿದ ಮೇಲೆ ಪಿಟ್ಟೆನ್ನಬಾರದು, ಅಲ್ಲಾಡಬಾರದು.

ಅಲ್ಲಾಡಬಾರದಂತೆ, ಅದೂ ಬುಗುರಿ.

ಕೋಣೆಯ ಗೋಡೆಗೆಲ್ಲ ದಪ್ಪ ಸ್ಪಂಜು ಬಡಿದಿದ್ದರು. ಎದುರಿಗೆ ಒಂದು ಟಿವಿ, ನಡುವೆ ಒಂದು ಮೈಕು. ಅಮ್ಮ ಬಳೆ ಬಿಚ್ಚಿಟ್ಟಳು, ವಾಚ್ ಬಿಚ್ಚಿಟ್ಟಳು. ಒಂದು ಬಾಳೆಹಣ್ಣು ತಿಂದಳು. ಹೊಟ್ಟೆ ಗುರ್ ಎಂದರೆ ಆ ಮೈಕು ಅದನ್ನೂ ಬಿಡುವುದಿಲ್ಲವಂತೆ. ಗಾಜಿನ ಕಿಟಕಿಯ ಆಚೆಯಿಂದ, ಕೆಲಸ ಮಾಡಿಸುವ ಡಬ್ಬಿಂಗ್ ಮೇಡಂ ಹೇಳಿದರು. ಕೊನೆಯ ಸೀನಿನಲ್ಲಿ ದನಿ ಸ್ವಲ್ಪ ಒಡೆದಿದೆ, ಇವತ್ತು ರಾತ್ರಿಯೇ ಸಿನಿಮಾ ಟಿವಿಗೆ ಬರುತ್ತದೆ, ಅದೊಂದನ್ನು ಮತ್ತೆ ಮಾಡಿಬಿಡೋಣ ಎಂದು.

ಕೆಂಪು ದೀಪ ಹತ್ತಿತು. ಟಿವಿಯಲ್ಲಿ ಅದೇ ಚಿನ್ನದ ಕೂದಲಿನ ಹುಡುಗ, ಅದೇ ಮರ. ಬಾಗಿಲು ತೆರೆಯಿತು, ಸದ್ದಿಲ್ಲದೆ. ಹಿಮ ಕೊಡವಿದ್ದೂ ಸದ್ದಿಲ್ಲದೆ. ಆಮೇಲೆ ಬುಗುರಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಅಮ್ಮ ಮಾತಾಡಿದಳು. ಎಷ್ಟೋ ದಿನಗಳ ಮೇಲೆ, ಟಿವಿಯೊಳಗಿಂದ ಅಲ್ಲ, ಅಮ್ಮನ ಬಾಯಿಂದಲೇ.

“ಎಲ್ಲಿದ್ದಾನೆ ನಮ್ಮನೆ ಕಳ್ಳ?”

“ಇಲ್ಲಿಲ್ಲ!”

ಬುಗುರಿ ಹೇಳಿರಲಿಲ್ಲ. ಅವಳ ಬಾಯಿ ತಾನಾಗಿಯೇ ಹೇಳಿಬಿಟ್ಟಿತ್ತು. ಕೆಂಪು ದೀಪ ಆರಿತು. ಅವಳಿಗೆ ನೆಲ ಬಾಯಿಬಿಟ್ಟರೆ ಸಾಕು, ಒಳಗೆ ಹೋಗಿಬಿಡುತ್ತೇನೆ ಅನ್ನಿಸಿತು. ಅಮ್ಮ ತಿರುಗಿ ನೋಡಿದಳು. ಬೈಯುತ್ತಾಳೆ ಎಂದುಕೊಂಡರೆ, ನಕ್ಕಳು. ನಗು ತಡೆಯಲಾಗದೆ ಕೆಮ್ಮು ಬಂದು, ಫ್ಲಾಸ್ಕಿನ ಬಿಸಿನೀರು ಕುಡಿಯಬೇಕಾಯಿತು.

“ಓಹೋ, ಕಳ್ಳಿ ಅಂದ್ರೆ ನೀನೇನಾ?” ಸ್ಪೀಕರಿನಲ್ಲಿ ಸೌಂಡ್ ಅಂಕಲ್ ಕೇಳಿದರು. “ಇಲ್ಲಿ ಬರೆದುಕೊಟ್ಟಿದ್ದು ಬೇರೆ ಏನೋ ಇತ್ತು. ಎಷ್ಟು ಸಲ ಹೇಳಿದ್ರೂ ನಿಮ್ಮಮ್ಮಂಗೆ ಅದು ಸರಿ ಬರ್ಲಿಲ್ಲ. ಕೊನೆಗೆ, ನಮ್ಮನೇಲಿ ಹೀಗೆ ಕರೀತೀನಿ, ಹಾಗೇ ಹೇಳ್ಲಾ ಅಂದ್ರು. ಒಂದೇ ಸಲಕ್ಕೆ ಓಕೆ ಆಯ್ತು.”

ಬುಗುರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಕಾಲನ್ನು ಮಡಚಿ ಅದರ ಮೇಲೆಯೇ ಕೂತಳು.

ಮತ್ತೆ ಕೆಂಪು ದೀಪ. ಅಮ್ಮ ಕೂಗಿದಳು. ಟಿವಿಯ ಹುಡುಗ ಬಾಯಾಡಿಸಿ ಓಡಿ ಬಂದ. ತಾಯಿ ಅವನನ್ನು ತಬ್ಬಿಕೊಂಡಳು. ಈ ಕಡೆ ಅಮ್ಮ ತನ್ನ ಎರಡು ಕೈಗಳಿಂದ ತನ್ನನ್ನೇ ತಬ್ಬಿಕೊಂಡು ಉಸಿರು ಬಿಟ್ಟಳು. ತಾಯಿ ಹುಡುಗನ ಕೆನ್ನೆಗೆ ಬಗ್ಗಿದಳು. ಅಮ್ಮ ಅಂಗೈ ಮಡಚಿ ತನ್ನ ಮುಂಗೈಗೆ ತಾನೇ ಒಂದು ಮುತ್ತು ಕೊಟ್ಟುಕೊಂಡಳು.

“ಮುತ್ತು ಇನ್ನೂ ಸ್ವಲ್ಪ ಜೋರಾಗಿರ್ಲಿ,” ಎಂದರು ಮೇಡಂ.

ಅಮ್ಮ ಮತ್ತೆ ಕೊಟ್ಟಳು. ಈ ಸಲ ಬೇಗ ಆಯಿತಂತೆ. ಮತ್ತೆ ಕೊಟ್ಟಳು. ಮುಂಗೈ ಒದ್ದೆಯಾಯಿತು. ಬಟ್ಟೆಗೆ ಒರೆಸಿಕೊಂಡರೆ ಸರಬರ ಸದ್ದಾಗುತ್ತದೆ ಎಂದು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನಿಂತಳು.

ಬುಗುರಿ ಕಣ್ಣು ಪಿಳುಕಿಸದೆ ನೋಡುತ್ತಿದ್ದಳು. ಎಲ್ಲ ಸಿನಿಮಾದ ಎಲ್ಲ ಮುತ್ತೂ ಹೀಗೇನಾ? ಹಾಗಾದರೆ ಆ ಹುಡುಗನಿಗೆ ಒಂದೂ ಸಿಕ್ಕಿಲ್ಲ. ಅವನು ಎಲ್ಲೋ, ಯಾವುದೋ ಊರಿನಲ್ಲಿದ್ದಾನೆ. ಇಷ್ಟು ಹೊತ್ತಿಗೆ ಅವನಿಗೆ ಮೀಸೆಯೂ ಬಂದಿರಬಹುದು. ಅಮ್ಮನ ಒಂದು ಮಾತೂ ಅವನ ಕಿವಿಗೆ ಬಿದ್ದಿಲ್ಲ. ಅಮ್ಮನ ಎದುರಿಗೆ ಇದ್ದದ್ದು ಒಂದು ಕಪ್ಪು ಮೈಕು, ಅದರ ಹಿಂದೆ ಸ್ಪಂಜಿನ ಗೋಡೆ, ಅಷ್ಟೇ.

ಈ ಮುಂಗೈಯೊಂದಿಗೆ ಅಮ್ಮ ದಿನಾ ಮನೆಗೆ ಬರುತ್ತಿದ್ದಳು. ನಿನ್ನೆಯೂ ಬಂದಿದ್ದಳು, ಅದೇ ಕೈಯನ್ನು ತನ್ನ ತಲೆಗೆ ಚಾಚಿದ್ದಳು. ಬುಗುರಿಗೆ ಅದು ನೆನಪಾಗಿ ಮೂಗಿನ ತುದಿ ಉರಿಯಿತು.

ಮನೆಗೆ ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದಳು. ಬುಗುರಿ ಅವಳ ಫ್ಲಾಸ್ಕನ್ನು ಮಡಿಲಲ್ಲಿ ಇಟ್ಟುಕೊಂಡು ದಾರಿಯುದ್ದಕ್ಕೂ ಹಿಡಿದಿದ್ದಳು. ಪಕ್ಕದ ಸೀಟಿನಿಂದ ಅಜ್ಜಿ, ಇವಳಿಗೇನಾಯಿತು, ಜ್ವರ ಗಿರ ಬಂತಾ ಎಂದು ಹಣೆ ಮುಟ್ಟಿ ನೋಡಿದಳು.

ರಾತ್ರಿ ಮೂವರೂ ಸೋಫಾದಲ್ಲಿ ಕೂತರು. ಅಮ್ಮ ನಡುವೆ. ಸಿನಿಮಾದಲ್ಲಿ ಹಿಮ ಬಿತ್ತು, ರೈಲು ತಪ್ಪಿತು, ಗಡಿಯಾರ ತೋರಿಸಿದರು. ಬುಗುರಿ ಎಂದಿನಂತೆ ಎರಡು ಸಲ ಎದ್ದಳು, ಎರಡು ಸಲ ಬಂದು ಕೂತಳು. ಅಜ್ಜಿ ಆಗಲೇ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ, ಆ ಮಗುವಿಗೆ ಒಂದು ಟೋಪಿ ಹಾಕಬಾರದಾ ಎಂದು ಯಾರನ್ನೋ ಬೈಯುತ್ತಿದ್ದಳು. ಅಮ್ಮ ಅವಳತ್ತ ತಿರುಗಿ ಏನೋ ಸನ್ನೆ ಮಾಡಿದಳು.

“ಏನಂತೆ?” ಎಂದಳು ಅಜ್ಜಿ.

“ಕೊನೇಲಿ ಎಲ್ಲಾ ಸರಿ ಹೋಗತ್ತೆ, ಅಳ್ಬೇಡ ಅಂತಿದ್ದಾಳೆ,” ಎಂದಳು ಬುಗುರಿ.

ಕೊನೆಯ ಸೀನ್ ಬಂತು. ಬಾಗಿಲು ತೆರೆಯಿತು. ಈಗ ಅದಕ್ಕೆ ಕಿರ್ ಎಂಬ ಸದ್ದಿತ್ತು, ಹಿಂದೆ ಸಂಗೀತವೂ ಇತ್ತು. ತಾಯಿ ಹಿಮ ಕೊಡವಿ ಕೂಗಿದಳು.

“ಎಲ್ಲಿದ್ದಾನೆ ನಮ್ಮನೆ ಕಳ್ಳ?”

ಟಿವಿಯ ಹುಡುಗ ಉತ್ತರ ಕೊಡಲು ಸ್ವಲ್ಪ ಹೊತ್ತು ತೆಗೆದುಕೊಂಡ. ಅಷ್ಟರೊಳಗೆ ಬುಗುರಿ ಅಮ್ಮನ ಮುಂಗೈ ಹಿಡಿದುಕೊಂಡು, ಅಮ್ಮನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು:

“ಇಲ್ಲೇ ಇದ್ದೀನಿ.”

ಟಿವಿಯಲ್ಲಿ ಆ ತಾಯಿ ಜೋರಾಗಿ ಮುತ್ತು ಕೊಟ್ಟಳು. ಸೋಫಾದ ಮೇಲೆ ಅಮ್ಮ ಬಗ್ಗಿ ಬುಗುರಿಯ ನೆತ್ತಿಗೆ ಒಂದು ಮುತ್ತು ಕೊಟ್ಟಳು. ಅದಕ್ಕೆ ಸದ್ದೇ ಇರಲಿಲ್ಲ. ಆ ಮೈಕು ಇದ್ದಿದ್ದರೂ ಕೇಳಿಸುತ್ತಿರಲಿಲ್ಲ.

ಸಿನಿಮಾ ಮುಗಿಯಿತು. ಅಜ್ಜಿ ಎದ್ದು ಟಿವಿ ಆಫ್ ಮಾಡಿದಳು. ಬುಗುರಿ ಅಲ್ಲಾಡದೆ ಕೂತೇ ಇದ್ದಳು.